ಅಡುಗೆ ಸೋಡಾ ಹಾಕಿದರೆ ಫೆವಿಕ್ವಿಕ್ ಉಕ್ಕಿನಷ್ಟು ಗಟ್ಟಿಯಾಗುತ್ತದೆಯೇ?

ಮುರಿದ ಪ್ಲಾಸ್ಟಿಕ್ ತುಂಡಿನ ಮೇಲೆ ಒಂದು ಚಿಟಿಕೆ ಅಡುಗೆ ಸೋಡಾ, ಅದರ ಮೇಲೆ ಎರಡು ಹನಿ ಫೆವಿಕ್ವಿಕ್. ಕ್ಷಣದಲ್ಲಿ ಕಲ್ಲಿನಂತೆ ಗಟ್ಟಿ! ಇಂಥ ವಿಡಿಯೋ ನಿಮಗೂ ಬಂದಿರಬಹುದು. ಕೆಲವದರಲ್ಲಿ ಸೋಡಾ ಬದಲು ಹತ್ತಿ ಇಟ್ಟು ಅಂಟು ಸುರಿಯುತ್ತಾರೆ. ಇದನ್ನು ನಂಬಿ ಮಕ್ಕಳ ಮಾದರಿ ವಿಮಾನಕ್ಕೋ ಹಡಗಿಗೋ ಕೈ ಹಾಕುವ ಮುನ್ನ ಸ್ವಲ್ಪ ನಿಲ್ಲಿ. ಸೋಡಾದ ಮಾತು ಅರ್ಧ ಸತ್ಯ. ಹತ್ತಿಯದ್ದು ನೇರ ಅಪಾಯ.

ಫೆವಿಕ್ವಿಕ್‌ನಂಥ ಸೂಪರ್ ಗ್ಲೂಗಳಲ್ಲಿರುವುದು ಸೈನೊಅಕ್ರಿಲೇಟ್ ಎಂಬ ರಾಸಾಯನಿಕ. ಇದು ಬಣ್ಣದಂತೆ ಆರಿ ಗಟ್ಟಿಯಾಗುವುದಿಲ್ಲ. ವಸ್ತುವಿನ ಮೇಲ್ಮೈಯಲ್ಲಿರುವ ಅತ್ಯಲ್ಪ ತೇವಾಂಶ ಸಾಕು, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗುತ್ತವೆ. ಬೆರಳು ಅಷ್ಟು ಬೇಗ ಅಂಟಿಕೊಳ್ಳುವುದು ಬೆವರಿನ ತೇವದಿಂದಲೇ. ಅಡುಗೆ ಸೋಡಾ ಕ್ಷಾರ ಗುಣದ್ದು, ಅದು ಈ ಕ್ರಿಯೆಯನ್ನು ಥಟ್ಟನೆ ಮುಗಿಸುತ್ತದೆ. ಪುಡಿಯ ಕಣಗಳ ನಡುವೆ ಅಂಟು ಇಳಿದು ಸಿಮೆಂಟಿನಂಥ ಗಡ್ಡೆಯಾಗುತ್ತದೆ. ಹಾಗಾಗಿ ಸಣ್ಣ ಸಂದು ತುಂಬಲು, ಮೂಲೆಗೆ ಆಸರೆ ಕೊಡಲು ಈ ಉಪಾಯ ನಿಜಕ್ಕೂ ಉಪಯುಕ್ತ. ಮಾದರಿ ಮಾಡುವವರು ಇದನ್ನು ಬಳಸುವುದೂ ಉಂಟು.

ಆದರೆ ಗಟ್ಟಿ ಬೇರೆ, ಬಲ ಬೇರೆ. ಗಾಜು ಗಟ್ಟಿಯೇ, ಬಿದ್ದರೆ ಒಡೆಯುತ್ತದೆ. ಸೂಪರ್ ಗ್ಲೂ ನೇರವಾಗಿ ಎಳೆದರೆ ಬಹಳ ತಡೆದುಕೊಳ್ಳುತ್ತದೆ. ಬಗ್ಗಿಸಿದರೆ, ಅಂಚಿನಿಂದ ಸಿಪ್ಪೆಯಂತೆ ಬಿಡಿಸಿದರೆ, ಅಥವಾ ಪೆಟ್ಟು ಬಿದ್ದರೆ ಚಟ್ಟೆಂದು ಬಿಡುತ್ತದೆ. ಸೋಡಾ ಸೇರಿದ ಗಡ್ಡೆಯೂ ಪೆಡಸೇ. ನೆಲಕ್ಕಿಳಿಯುವಾಗ ವಿಮಾನದ ರೆಕ್ಕೆಗೆ ಬೀಳುವುದು ಇಂಥದೇ ಪೆಟ್ಟು. ಹೆಚ್ಚು ಸುರಿದರೆ ಹೆಚ್ಚು ಅಂಟುತ್ತದೆ ಎಂಬುದೂ ತಪ್ಪು. ಎರಡು ತುಂಡುಗಳು ಸರಿಯಾಗಿ ಕೂತು ನಡುವೆ ತೆಳು ಪದರ ಮಾತ್ರ ಇದ್ದಾಗಲೇ ಇದರ ಹಿಡಿತ ಚೆನ್ನಾಗಿರುತ್ತದೆ.

ಹಾಗಾದರೆ ಯಾವುದಕ್ಕೆ ಯಾವ ಅಂಟು? ಬಾಲ್ಸಾದಂಥ ಹಗುರ ಮರ, ರಟ್ಟು, ಐಸ್‌ಕ್ರೀಂ ಕಡ್ಡಿಗಳಿಗೆ ಫೆವಿಕಾಲ್‌ನಂಥ ಬಿಳಿ ಅಂಟೇ ಸಾಕು. ನಿಧಾನ ನಿಜ, ಆದರೆ ಮರದ ನಾರಿನೊಳಗೆ ಇಳಿಯುತ್ತದೆ. ಭಾರ ಹೊರುವ, ಅದುರುವ ಜಾಗಕ್ಕೆ, ಅಂದರೆ ಮೋಟಾರಿನ ಬುಡ, ಚಕ್ರದ ತಂತಿ, ರೆಕ್ಕೆಯ ಬೆಸುಗೆಗೆ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿ. ಇಲ್ಲೂ ಒಂದು ತಪ್ಪು ನಂಬಿಕೆ ಇದೆ: ಗಟ್ಟಿಕಾರಕ ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂತ. ಎಪಾಕ್ಸಿಯಲ್ಲಿ ಎರಡೂ ಭಾಗಗಳು ಒಂದನ್ನೊಂದು ಲೆಕ್ಕಕ್ಕೆ ಸರಿಯಾಗಿ ಹಿಡಿಯಬೇಕು. ಅಳತೆ ತಪ್ಪಿದರೆ ದಿನಗಟ್ಟಲೆ ಜಿಗುಟಾಗಿಯೇ ಉಳಿಯುತ್ತದೆ. ಥರ್ಮೋಕೋಲ್ ಮೇಲೆ ಸಾಮಾನ್ಯ ಸೂಪರ್ ಗ್ಲೂ ಬಿದ್ದರೆ ಅದು ಕರಗಿ ಗುಂಡಿ ಬೀಳುತ್ತದೆ, ಅಲ್ಲಿಯೂ ಬಿಳಿ ಅಂಟೇ ಸರಿ. ಪಾಲಿಸ್ಟೈರೀನ್ ಕಿಟ್‌ಗಳಿಗೆ ಪ್ಲಾಸ್ಟಿಕ್ ಸಿಮೆಂಟ್ ಸಿಗುತ್ತದೆ, ಅದು ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ಪಾರದರ್ಶಕ ಕಿಟಕಿಗಳ ಹತ್ತಿರ ಸೂಪರ್ ಗ್ಲೂ ಬೇಡ. ಅದರ ಆವಿ ಕೂತು ಬಿಳಿ ಮಂಜು ಹಿಡಿಯುತ್ತದೆ. ಬಕೆಟ್, ಡಬ್ಬಿಯ ಮುಚ್ಚಳಗಳ ಪ್ಲಾಸ್ಟಿಕ್ಕಿಗೆ ಮಾತ್ರ ಇವು ಯಾವುವೂ ಸರಿಯಾಗಿ ಹಿಡಿಯುವುದಿಲ್ಲ.

ಈಗ ಹತ್ತಿಯ ವಿಷಯ. ಸೂಪರ್ ಗ್ಲೂ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ಒಂದು ಹನಿಯಲ್ಲಿ ಗೊತ್ತಾಗದು. ಹತ್ತಿಯ ನೂರಾರು ಎಳೆಗಳಲ್ಲಿ ಹರಡಿದಾಗ ಕ್ರಿಯೆ ಒಮ್ಮೆಲೇ ನಡೆದು ಹೊಗೆ ಏಳುತ್ತದೆ, ಚರ್ಮ ಸುಡುವಷ್ಟು ಬಿಸಿಯಾಗುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಅಂಟಿನ ಕೆಲಸಕ್ಕೆ ಹತ್ತಿಯ ಕೈಗವಸು ಹಾಕಬೇಡಿ, ಚೆಲ್ಲಿದ್ದನ್ನು ಹಳೆ ಬನಿಯನ್‌ನಿಂದ ಒರೆಸಬೇಡಿ. ಬಟ್ಟೆಯ ಮೇಲೆ ಚೆಲ್ಲಿ ಬಿಸಿಯಾದರೆ ತಕ್ಷಣ ಧಾರಾಳವಾಗಿ ತಣ್ಣೀರು ಸುರಿಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕಿತ್ತು ತೆಗೆಯದೆ ವೈದ್ಯರ ಬಳಿ ಹೋಗಿ.

ಇದರ ಜೊತೆಗೇ ಓಡಾಡುವ ಇನ್ನೊಂದು ಫಾರ್ವರ್ಡ್: ಸೂಪರ್ ಗ್ಲೂ ಕಂಡುಹಿಡಿದದ್ದೇ ಸೈನಿಕರ ಗಾಯ ಮುಚ್ಚಲು, ಆದ್ದರಿಂದ ಬೆರಳು ಕೊಯ್ದರೆ ಇದನ್ನೇ ಹಚ್ಚಿ ಅಂತ. ಅಲ್ಲ. 1942ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಬದಿಗಿಟ್ಟರು! ಅಂಟಾಗಿ ಮಾರಾಟಕ್ಕೆ ಬಂದದ್ದು 1958ರಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ರಕ್ತ ನಿಲ್ಲಿಸಲು ಬಳಸಿದ್ದು ಆಮೇಲಿನ ಮಾತು. ಇಂದು ಆಸ್ಪತ್ರೆಯಲ್ಲಿ ಬಳಸುವ ಅಂಟು ಇದೇ ಕುಟುಂಬದ್ದಾದರೂ ಬೇರೆ ಬಗೆಯದು, ಅಂಗಡಿಯ ಟ್ಯೂಬು ಅದಲ್ಲ.

ಬೆರಳುಗಳು ಅಂಟಿಕೊಂಡರೆ ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸುತ್ತಾ ಬಿಡಿಸಿ. ಅಸಿಟೋನ್ ಇರುವ ನೈಲ್ ಪಾಲಿಶ್ ರಿಮೂವರ್ ಕೂಡ ಕೈಗೆ ಆಗುತ್ತದೆ, ಕಣ್ಣು ಬಾಯಿಯ ಹತ್ತಿರ ಮಾತ್ರ ಬೇಡವೇ ಬೇಡ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಲವಂತವಾಗಿ ತೆರೆಯದೆ ಉಗುರುಬೆಚ್ಚಗಿನ ನೀರಿನಿಂದ ತೊಳೆಯುತ್ತಾ ನೇರ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಕಣ್ಣಿನ ಔಷಧಿಯೆಂದು ತಿಳಿದು ಇದನ್ನೇ ಹಾಕಿಕೊಂಡವರಿದ್ದಾರೆ. ಸಣ್ಣ ಬಾಟಲಿಗಳು ನೋಡಲು ಹಾಗೇ ಇರುತ್ತವೆ. ಬಾಳಿಕೆ ಬರಲೆಂದು ಫ್ರಿಜ್‌ನಲ್ಲಿಡುವವರು ಔಷಧಿ ಇರುವ ತಟ್ಟೆಯಲ್ಲಿ ಮಾತ್ರ ಇಡಬೇಡಿ.