ಮುಂಬೈನಿಂದ ಹೊಸದುರ್ಗದವರೆಗೆ: ಎಳೆಯ ಮಕ್ಕಳ ಆಕ್ಯುಪೇಷನಲ್ ಥೆರಪಿ

ವರ್ಷ ತುಂಬಿದರೂ ಆಧಾರವಿಲ್ಲದೆ ಕೂರದ, ಒಂದೂವರೆ ವರ್ಷವಾದರೂ ಹೆಜ್ಜೆ ಇಡದ ಮಗುವಿದ್ದರೆ ಚಿತ್ರದುರ್ಗ ಸೀಮೆಯ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, "ಅವರಪ್ಪನೂ ಹಿಂಗೇ, ತಡವಾಗೇ ನಡೆದದ್ದು." ಈ ಸಮಾಧಾನದಲ್ಲಿ ಕಳೆದುಹೋಗುವುದು ಮಿದುಳು ಬಲು ಬೇಗ ಕಲಿಯುವ ಮೊದಲ ಮೂರು ವರ್ಷ. ಉಣ್ಣುವುದು, ಉಡುವುದು, ಆಡುವುದು, ಕಕ್ಕಸಿಗೆ ಕೂರುವುದು, ಹೀಗೆ ದಿನದ ಬದುಕಿನ ಕೆಲಸಗಳನ್ನು ಅಂಥ ಮಗುವಿಗೆ ರೂಢಿಸುವುದೇ ಆಕ್ಯುಪೇಷನಲ್ ಥೆರಪಿ. ಫಿಜಿಯೋಥೆರಪಿ ಸ್ನಾಯುಗಳ ಬಲ, ಕೈಕಾಲಿನ ಚಲನೆಯ ಕಡೆ ಹೆಚ್ಚು ನೋಡುತ್ತದೆ. ಆಕ್ಯುಪೇಷನಲ್ ಥೆರಪಿ ಆ ಬಲ ಯಾವ ಕೆಲಸಕ್ಕೆ ಬಂತು ಎಂದು ಕೇಳುತ್ತದೆ.

ಈ ವೃತ್ತಿಗೆ ಅಮೆರಿಕದಲ್ಲಿ ಸಂಘಟಿತ ರೂಪ ಬಂದದ್ದು 1917ರಲ್ಲಿ. ನಮ್ಮಲ್ಲಿ ಇದರ ಮೊದಲ ಶಾಲೆ 1950ರಲ್ಲಿ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ತೆರೆಯಿತು. ಅದನ್ನು ಕಟ್ಟಿದವರು ಅಮೆರಿಕದಲ್ಲಿ ಹುಟ್ಟಿ ಈ ದೇಶದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್. 1952ಕ್ಕೆ ಅಖಿಲ ಭಾರತ ಸಂಘವೂ ಆಯಿತು. ಮಕ್ಕಳ ವಿಭಾಗ ಬೆಳೆದದ್ದು ಬೇರೆ ದಾರಿಯಲ್ಲಿ. 1940ರ ದಶಕದಲ್ಲಿ ಲಂಡನ್ನಿನಲ್ಲಿ ಬೊಬಾತ್ ದಂಪತಿ ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಆದ ಹಾನಿಯಿಂದ ಬರುವ ಚಲನೆಯ ತೊಂದರೆ) ಇರುವ ಮಕ್ಕಳ ದೇಹವನ್ನು ಕೈಯಾರೆ ಹಿಡಿದು ತಿದ್ದುವ ಕ್ರಮ ರೂಪಿಸಿದರು. 1972ರಲ್ಲಿ ಕ್ಯಾಲಿಫೋರ್ನಿಯಾದ ಜೀನ್ ಏರ್ಸ್ ಇಂದ್ರಿಯಗಳ ಹೊಂದಾಣಿಕೆಯ ಸಿದ್ಧಾಂತವನ್ನು ಪುಸ್ತಕವಾಗಿ ತಂದರು. ಇಂದು ನಗರದ ಕ್ಲಿನಿಕ್ಕುಗಳಲ್ಲಿ ಕಾಣುವ ಉಯ್ಯಾಲೆ, ದೊಡ್ಡ ಚೆಂಡುಗಳ ಹಿಂದೆ ಇರುವುದು ಅವರ ವಿಚಾರವೇ.

ಕರ್ನಾಟಕದಲ್ಲಿ 1959ರಲ್ಲಿ ಅಂಗವಿಕಲರಿಗಾಗಿ ದುಡಿಯುವ ಬೆಂಗಳೂರಿನ ಎಪಿಡಿ ಸಂಸ್ಥೆ, 1965ರಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆ, 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಹುಟ್ಟಿದವು. ದೊಡ್ಡ ಕೆಲಸವನ್ನೇ ಮಾಡಿದವು. ಆದರೆ ಎಲ್ಲವೂ ಬೆಂಗಳೂರು, ಮೈಸೂರಿನಲ್ಲಿ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಹೊಸದುರ್ಗದ ಹಳ್ಳಿಯ ಕೂಲಿ ತಾಯಿ ಮುಕ್ಕಾಲು ಗಂಟೆಯ ಥೆರಪಿಗಾಗಿ ವಾರಕ್ಕೊಮ್ಮೆ ಬಸ್ಸು ಹತ್ತುವುದು ಆಗದ ಮಾತು. ಈಗ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಪುನರ್ವಸತಿ ಕೇಂದ್ರವಿದೆ. ಹೊಳಲ್ಕೆರೆಯವರಿಗೆ ಅದು ಹತ್ತಿರ; ಹಿರಿಯೂರಿನ ಆಚೆಯ ಹಳ್ಳಿಗಳಿಗೆ ಅದೂ ದೂರವೇ.

ತಿರುವು ಬಂದದ್ದು 2013ರಲ್ಲಿ, ಎರಡು ಕಡೆಯಿಂದ. ಆ ವರ್ಷ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಬೆಳವಣಿಗೆಯ ವಿಳಂಬವನ್ನೂ ಸೇರಿಸಿ 30 ತೊಂದರೆಗಳನ್ನು ಪಟ್ಟಿ ಮಾಡಿತು. ವೈದ್ಯರ ಸಂಚಾರಿ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರಬೇಕು, ಗುರುತಿಸಿದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು ಎಂದು ವ್ಯವಸ್ಥೆ ಮಾಡಿತು. ಅದೇ ವರ್ಷ ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳನ್ನೆಲ್ಲ ಒರೆಗೆ ಹಚ್ಚಿದರು. ಬೊಬಾತ್ ಕ್ರಮಕ್ಕೆ ಪುರಾವೆ ಸಾಲಲಿಲ್ಲ. ಇಂದ್ರಿಯ ಹೊಂದಾಣಿಕೆಯ ಚಿಕಿತ್ಸೆಯ ಬಗ್ಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹಿಂದಿನ ವರ್ಷವೇ ಎಚ್ಚರ ಹೇಳಿತ್ತು. ಗೆದ್ದದ್ದು, ಒಂದು ನಿರ್ದಿಷ್ಟ ಕೆಲಸವನ್ನು ಗುರಿಯಾಗಿಟ್ಟು ಮಾಡಿಸುವ ಅಭ್ಯಾಸ. ಮತ್ತು ಥೆರಪಿಸ್ಟ್ ಹೇಳಿಕೊಟ್ಟು ಮನೆಯವರೇ ದಿನವೂ ನಡೆಸುವ ಅಭ್ಯಾಸ.

ನಮ್ಮ ತಾಲ್ಲೂಕುಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕೆ? ದುಬಾರಿ ಸಲಕರಣೆ ಬೇಕಿಲ್ಲ. ಮುದ್ದೆಯನ್ನೇ ನೋಡಿ. ತುತ್ತು ಮುರಿಯಲು ಹೆಬ್ಬೆರಳು, ತೋರುಬೆರಳು, ನಡುಬೆರಳು ಒಟ್ಟಿಗೆ ಬಾಗಬೇಕು. ಸಾರಿನಲ್ಲಿ ಅದ್ದುವಾಗ ಮಣಿಕಟ್ಟು ತಿರುಗಬೇಕು. ಬಾಯಿಗೆ ಒಯ್ಯುವಾಗ ಭುಜ ಅಲುಗಾಡಬಾರದು. ಅದಕ್ಕೆ ಮೊದಲು ಮಗು ನೆಟ್ಟಗೆ ಕೂತಿರಬೇಕು. ಬೆನ್ನು ನಿಲ್ಲದ ಮಗುವನ್ನು ಎರಡು ಗೋಡೆ ಕೂಡುವ ಮೂಲೆಯಲ್ಲಿ, ಪಕ್ಕಕ್ಕೆ ಕಂಬಳಿ ಮಡಿಸಿಟ್ಟು ಕೂರಿಸಿದರೆ ಕೈಗಳಿಗೆ ಬಿಡುವು ಸಿಗುತ್ತದೆ. ಚಮಚ ಜಾರಿದರೆ ಹಿಡಿಗೆ ಹಳೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಬಹುದು. ಆದರೆ ಯಾವ ಮಗುವಿಗೆ ಯಾವುದು, ಎಷ್ಟು ಎಂದು ಹೇಳಲು ಕಲಿತವರು ಬೇಕೇ ಬೇಕು. ನುಂಗಲು ಕಷ್ಟಪಡುವ ಮಗುವಿಗೆ ಇದೇ ಮುದ್ದೆ ಅಪಾಯ ತರಬಹುದು.

ಕಲಿತವರು ಸಾಲದಿರುವುದೇ ಈಗಿನ ಕೊರತೆ. ದೇಶದ ಐದು ಪ್ರದೇಶಗಳ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ, ಎರಡರಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಶೇ. 9ರಷ್ಟು ಮಂದಿಗೆ ನರಬೆಳವಣಿಗೆಯ ಒಂದಲ್ಲ ಒಂದು ತೊಂದರೆಯಿದೆ ಎಂದಿತು. ಆ ಐದರಲ್ಲಿ ಕರ್ನಾಟಕದ್ದು ಒಂದೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು; 2021ರ ಇನ್ನೊಂದು ಕಾಯ್ದೆ ಆಕ್ಯುಪೇಷನಲ್ ಥೆರಪಿಸ್ಟರ ವೃತ್ತಿಗೆ ಶಾಸನಬದ್ಧ ಸ್ಥಾನ ಕೊಟ್ಟಿತು. ಕಾಗದದ ಮೇಲೆ ಸ್ಥಾನ ಸಿಕ್ಕಿದ್ದು ಸಾಲದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಆಸ್ಪತ್ರೆಗಳಲ್ಲಿ ವಾರದ ಒಂದು ಗೊತ್ತಾದ ದಿನವಾದರೂ ಥೆರಪಿಸ್ಟ್ ಸಿಗಬೇಕು. ಹಳ್ಳಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ಅವರಿಂದ ತರಬೇತಿ ಸಿಗಬೇಕು.

ಮಗುವಿನ ಬೆಳವಣಿಗೆಯಲ್ಲಿ ಅನುಮಾನ ಬಂದ ತಂದೆತಾಯಿ ಇಷ್ಟು ಮಾಡಿ: ಸಂಚಾರಿ ತಂಡ ನಿಮ್ಮೂರ ಅಂಗನವಾಡಿಗೆ ಯಾವತ್ತು ಬರುತ್ತದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಆ ದಿನ ತಾಯಿ ಕಾರ್ಡ್ ಹಿಡಿದು ಮಗುವನ್ನು ಕರೆದೊಯ್ಯಿರಿ. ಆ ದಿನ ದೂರವಿದ್ದರೆ ಕಾಯಬೇಡಿ, ನೇರ ಜಿಲ್ಲಾ ಆಸ್ಪತ್ರೆಗೆ ಹೋಗಿ.