ಸರ್ಕಾರಿ ನೌಕರನ ಟೋಪಿ

ಕಡೂರು, ತರೀಕೆರೆ, ಈಚೆಗೆ ತಾಲ್ಲೂಕಾದ ಅಜ್ಜಂಪುರ, ಈ ಊರುಗಳ ಕಚೇರಿಗಳಲ್ಲಿ ನೌಕರನು ಪಕ್ಷದ ಚಿಹ್ನೆ ಧರಿಸಿ ಕೂರುವಂತಿಲ್ಲ. ಈ ಕಟ್ಟಳೆಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ತರೀಕೆರೆಯ ಆಚೆಗಿನ ಶಿವಮೊಗ್ಗ ಸೀಮೆಯ ಈಸೂರು. 1942ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಂದ ಅಧಿಕಾರಿಗಳು ಗಾಂಧಿ ಟೋಪಿ ಧರಿಸಲೇಬೇಕೆಂದು ಜನ ಪಟ್ಟುಹಿಡಿದರು. ಮಾತು ಮಿತಿಮೀರಿ ಗಲಭೆಯಾಯಿತು. ಅಮಲ್ದಾರ ಚೆನ್ನಕೃಷ್ಣಪ್ಪನವರೂ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರೂ ಹತರಾದರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಆ ಐವರು ಹುತಾತ್ಮರು, ನಿಜ. ಆ ಇಬ್ಬರು ನೌಕರರನ್ನು ನೆನೆಯುವವರು ವಿರಳ.

ಸ್ವಾತಂತ್ರ್ಯಾನಂತರ ಆ ಟೋಪಿಯ ಪ್ರಶ್ನೆ ನಿಯಮದ ಪುಸ್ತಕಕ್ಕೆ ಬಂದಿತು. 1966ರ ನಡತೆ ನಿಯಮಗಳ ಪ್ರಕಾರ ನೌಕರನಿಗೆ ಮತವುಂಟು, ಆದರೆ ಯಾರಿಗೆ ಕೊಟ್ಟೆನೆಂದು ಸೂಚಿಸಬಾರದು. ಚುನಾವಣಾ ಚಿಹ್ನೆಯು ಮೈಮೇಲಾಗಲಿ, ವಾಹನದ ಮೇಲಾಗಲಿ, ಮನೆಯ ಮೇಲಾಗಲಿ ಇರಕೂಡದು. 2021ರಲ್ಲಿ ಹೊಸ ನಿಯಮಗಳು ಬಂದವು.

ಚಿಹ್ನೆಯ ನಿಷೇಧ ನನಗೂ ಸಮ್ಮತವೇ. ಪಹಣಿ ಕೇಳಿಕೊಂಡು ಬಂದ ರೈತನಿಗೆ ಗುಮಾಸ್ತನ ಪಕ್ಷ ಕಾಣಬಾರದು. ನನಗೆ ನುಂಗಲಾರದ್ದು 1966ರ ಇನ್ನೊಂದು ಮಾತು: ಸರ್ಕಾರವನ್ನು ಬುಡಮೇಲು ಮಾಡುವ ಚಳವಳಿಗೆ ಮನೆಯವರು ಸೇರದಂತೆ ನೌಕರನು ತಡೆಯಬೇಕು, ತಡೆಯಲಾಗದಿದ್ದರೆ ಸರ್ಕಾರಕ್ಕೆ ತಿಳಿಸಬೇಕು. ಚಳವಳಿಗೆ ಹೋದ ಮಗನ ಹೆಸರನ್ನು ತಂದೆಯ ಕೈಯಲ್ಲೇ ಬರೆಸುವ ನಿಯಮ ಅದು.