ಪಹಣಿ ಊರಿಗೆ ಬಂದ ದಾರಿ

ಸಂಘದ ಸಾಲ, ಠೇವಣಿ, ಷೇರುಗಳ ಲೆಕ್ಕ ಈ ಬೆಳ್ಳಿಹಬ್ಬದ ಸಂಚಿಕೆಯ ಬೇರೆ ಪುಟಗಳಲ್ಲಿದೆ. ನಾವಿಲ್ಲಿ ಹೇಳಹೊರಟಿರುವುದು ಒಂದು ಕಾಗದದ ಕಥೆ. ಪಹಣಿ ಇಲ್ಲದೆ ಬೆಳೆಸಾಲವಿಲ್ಲ. ಹಾಗಾಗಿ ಪಹಣಿಯ ಚರಿತ್ರೆ ಸಂಘದ ಚರಿತ್ರೆಯೂ ಹೌದು.

ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಮನೆಯಲ್ಲಿರುತ್ತಿತ್ತು. ವಂಶಪಾರಂಪರ್ಯದ ಆ ಹುದ್ದೆಗಳನ್ನು ರದ್ದುಪಡಿಸುವ ಕಾನೂನು 1961ರಲ್ಲಿ ಆಗಿ, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹುದ್ದೆ ಬದಲಾದರೂ ಪುಸ್ತಕ ಒಬ್ಬರ ಕೈಯಲ್ಲೇ ಉಳಿಯಿತು. ಅವರು ಸಿಕ್ಕರೆ ಪಹಣಿ, ಇಲ್ಲವಾದರೆ "ನಾಳೆ ಬಾ".

2000ದ ಸುಮಾರಿಗೆ, ಅಂದರೆ ನಮ್ಮ ಸಂಘ ಹುಟ್ಟಿದ ಕಾಲಕ್ಕೇ, "ಭೂಮಿ" ಯೋಜನೆ ಶುರುವಾಯಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಪ್ರಭಾವಿಗಳ ಅರ್ಜಿ ಮುಂದೆ ಜಿಗಿಯುವಂತಿಲ್ಲ ಎಂದಾಯಿತು. ನಮ್ಮ ಲೆಕ್ಕದಲ್ಲಿ ಇದೇ ದೊಡ್ಡ ಸುಧಾರಣೆ. ಕೌಂಟರಿನಾಚೆಯ ಪರದೆಯಲ್ಲಿ ಇರುವುದು ರೈತನಿಗೂ ಕಾಣಲಿ ಎಂದು ಈಚೆಗೊಂದು ಪರದೆ ಇಟ್ಟರು. ಓದು ಬಾರದವರಿಗೆ ಅದರಿಂದೇನು ಅನ್ನಬಹುದು. ಪಕ್ಕದಲ್ಲಿ ನಿಂತವ ಓದಿ ಹೇಳಿದರೂ ಸಾಕಲ್ಲ!

ಆದರೆ ಊರಲ್ಲೇ ಸಿಗುತ್ತಿದ್ದ ಕಾಗದಕ್ಕೆ ತಾಲ್ಲೂಕಿನ ಬಸ್ಸು ಹತ್ತಬೇಕಾಯಿತು. ಬಸ್ ಛಾರ್ಜು, ಒಂದು ದಿನದ ಕೂಲಿ ಸೇರಿಸಿದರೆ 15 ರೂಪಾಯಿ ಎಲ್ಲಿಗೆ ಬಂತು? ಕಣ್ಣು ಕಾಣದವರಿಗೆ, ನಡೆಯಲಾಗದವರಿಗೆ ಜೊತೆಗೊಬ್ಬರು ಬೇಕು. ಎರಡು ಕೂಲಿ ಹೋಯಿತು. 2006ರಲ್ಲಿ ಹೋಬಳಿಗಳಲ್ಲಿ ಸುಮಾರು 800 "ನೆಮ್ಮದಿ" ಕೇಂದ್ರಗಳಾದವು. ಆಮೇಲೆ ನಾಡಕಚೇರಿ, ಪಂಚಾಯಿತಿ, 2022ರಿಂದ "ಗ್ರಾಮ ಒನ್" ಹೀಗೆ ಕಾಗದ ಮತ್ತೆ ಊರ ಕಡೆ ನಡೆದು ಬಂತು.

ನಡುವೆ, 2012ರ ಏಪ್ರಿಲ್ 2ರಂದು, "ಸಕಾಲ" ಬಂತು. ಅರ್ಜಿಗೆ 15 ಅಂಕಿಯ ನಂಬರು, ಕೆಲಸಕ್ಕೆ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. "ಸಾಹೇಬರ ಹತ್ರ ಇಪ್ಪತ್ತು ರೂಪಾಯಿ ಹೆಂಗಪ್ಪಾ ಕೇಳೋದು" ಅನ್ನುವ ಸಂಕೋಚ ನಮ್ಮ ಜನಕ್ಕೆ ಇನ್ನೂ ಹೋಗಿಲ್ಲ. ಅದು ದಾನವಲ್ಲ, ಕಾನೂನು.

ಇಷ್ಟಾದರೂ ಕಚೇರಿಯ ಮೆಟ್ಟಿಲು ಮೆಟ್ಟಿಲಾಗಿಯೇ ಇತ್ತು. ಅಂಗವಿಕಲರಿಗೆ ಸಮಾನ ಅವಕಾಶ ಕೊಡುವ ಕಾನೂನು 1995ರದು. 2016ರ ಹೊಸ ಕಾನೂನು ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು. ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಅವರು ಬಳಸುವಂತೆ ಮಾಡಿ ಎಂದಿತು. ನಿಯಮಗಳು 2017ರಲ್ಲಿ ಬಂದವು, 2022ಕ್ಕೆ ಗಡುವು ಮುಗಿಯಿತು. ಇಳಿಜಾರು ಕಟ್ಟಿದರೆ ಮುಗಿಯಿತೆಂದು ಗುತ್ತಿಗೆದಾರರು ತಿಳಿದಂತಿದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಎರಡು ಅಡಿ ಜಗಲಿಗೆ ಇಪ್ಪತ್ನಾಲ್ಕು ಅಡಿ. ಆರೇ ಅಡಿಯಲ್ಲಿ ಮುಗಿಸಿದರೆ ಗಾಲಿಕುರ್ಚಿ ಹತ್ತುವುದಿಲ್ಲ, ಮೋಟಾರ್ ಸೈಕಲ್ ಹತ್ತುತ್ತದೆ.

ಅಂಗವೈಕಲ್ಯದ ಗುರುತಿನ ಚೀಟಿ, ಮಾಸಾಶನದ ಅರ್ಜಿಗಳಿಗೆ ನೆರವಾಗಲು ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ, ಆದ್ದರಿಂದ ಯಾವ ಕಚೇರಿಯ ಯಾವ ಮೆಟ್ಟಿಲು ಎಷ್ಟು ಎತ್ತರ ಎಂದು ಬಲ್ಲವರು. ಮನೆಯಲ್ಲಿ ಅಂಥವರಿರುವ ಸದಸ್ಯರು ಮೊದಲು ಅವರನ್ನು ಕಾಣಬೇಕು, ಮಧ್ಯವರ್ತಿಗಳನ್ನಲ್ಲ.